ಐದು ತಿಂಗಳಿಂದ ಕೀಲು ತಪ್ಪಿಯೇ ಉಳಿದ ಮೊಣಕೈ: ಈಗ ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನಮ್ಮ ಯಜಮಾನರಿಗೆ 41 ವರ್ಷ. ಕಳೆದ ಜುಲೈ ಮಳೆಯಲ್ಲಿ ತೋಟಕ್ಕೆ ಹೋಗುವಾಗ ಸಂಕದ ಮೇಲೆ ಜಾರಿ, ಬಲಗೈ ಊರಿ ಬಿದ್ದರು. ಮೊಣಕೈ ಊದಿಕೊಂಡಿತು. ಮೂಳೆ ಕಟ್ಟುವವರ ಹತ್ತಿರ ಕಟ್ಟು ಹಾಕಿಸಿದೆವು. ಬಿಚ್ಚಿದ ಮೇಲೆ ಒಂದೂವರೆ ತಿಂಗಳು ಎಣ್ಣೆ ಹಾಕಿ ತಿಕ್ಕಿಸಿದೆವು. ಊತ ಇಳಿಯಿತು, ಆದರೆ ಕೈ ಮಡಚುವುದಕ್ಕೇ ಆಗುವುದಿಲ್ಲ. ಊಟ ಎಡಗೈಯಲ್ಲಿ, ಚಮಚದಲ್ಲಿ. ಕಿರುಬೆರಳು ಜೋಮು ಹಿಡಿಯುತ್ತದೆ. ಕಳೆದ ತಿಂಗಳು ಎಕ್ಸ್‌ರೇ ತೆಗೆಸಿದಾಗ ಕೀಲು ತಪ್ಪಿದ್ದು ಹಾಗೇ ಇದೆ ಅಂದರು. ಒಬ್ಬ ಡಾಕ್ಟರು ಆಪರೇಷನ್ ಮಾಡೋಣ ಅಂತಾರೆ. ಇನ್ನೊಬ್ಬರು, ಇಷ್ಟು ದಿನ ಆದ ಮೇಲೆ ಮುಟ್ಟದೆ ಬಿಡುವುದೇ ಒಳ್ಳೆಯದು ಅಂತಾರೆ. ಯಾರ ಮಾತು ಕೇಳಬೇಕು? ಕೈ ಮೊದಲಿನ ಹಾಗೆ ಆಗುತ್ತಾ? ಈಗ ಅಡಿಕೆ ಕೊನೆಕೊಯ್ಲು ನಡೆಯುತ್ತಿದೆ, ಸುಗ್ಗಿ ಮುಗಿಸಿಕೊಂಡು ಮಾಡಿಸಿದರೆ ಆಗಲ್ವಾ? ಎಕ್ಸ್‌ರೇ ಫೋಟೋ ಮತ್ತು ಅವರು ಕೈ ಮಡಚುವ ವಿಡಿಯೋ ಕಳಿಸಿದ್ದೇನೆ.

ಉತ್ತರ: ಎಕ್ಸ್‌ರೇ ನೋಡಿದೆ, ವಿಡಿಯೋ ಎರಡು ಸಲ ನೋಡಿದೆ. ಆಪರೇಷನ್ ಮಾಡಿಸುವುದೇ ಸರಿ ಅಂತ ನನ್ನ ಅಭಿಪ್ರಾಯ. ಕೈ ಮೊದಲಿನ ಹಾಗೆ ಆಗುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಆದರೆ ಬಲಗೈಯಿಂದಲೇ ತುತ್ತು ಬಾಯಿಗೆ ಇಡುವಷ್ಟು ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಮುಟ್ಟಬೇಡಿ ಅಂದ ಡಾಕ್ಟರೂ ಸುಮ್ನೆ ಹಾಗೆ ಹೇಳಿದ್ದಲ್ಲ. ಅವರ ಮಾತಿಗೂ ಬರುತ್ತೇನೆ.

ಮೊಣಕೈ ಅಂದರೆ ಬಾವಿಯ ರಾಟೆ ಅಂದುಕೊಳ್ಳಿ. ತೋಳಿನ ಮೂಳೆಯ ಕೆಳತುದಿ ನಿಜವಾಗಿಯೂ ರಾಟೆಯ ಆಕಾರದಲ್ಲೇ ಇರುತ್ತದೆ. ಮುಂಗೈಯ ಎರಡು ಮೂಳೆಗಳಲ್ಲಿ ಕಿರುಬೆರಳಿನ ಕಡೆಯದು ಅಲ್ನಾ. ಅದರ ಮೇಲ್ತುದಿ ಕೊಕ್ಕೆಯ ಹಾಗೆ ರಾಟೆಯನ್ನು ಅಪ್ಪಿಕೊಂಡಿರುತ್ತದೆ. ಕೈ ಊರಿ ಬಿದ್ದಾಗ ಆ ಕೊಕ್ಕೆ ಕಳಚಿಕೊಂಡು ಹಿಂದಕ್ಕೆ ಹೋಗಿ ಕೂರುತ್ತದೆ. ಮೊಣಕೈ ಕೀಲು ತಪ್ಪುವುದು ಹೆಚ್ಚಿನಂಶ ಹೀಗೆಯೇ. ಬಿದ್ದ ದಿನವೇ ಬಂದರೆ ನೋವು ತಿಳಿಯದ ಹಾಗೆ ಮಾಡಿ, ಎಳೆದು ಒತ್ತಿದರೆ 'ಟಕ್' ಅಂತ ಕೂರುತ್ತದೆ. ಚರ್ಮಕ್ಕೆ ಗಾಯ ಕೂಡ ಮಾಡಬೇಕಿಲ್ಲ.

3 ವಾರ ದಾಟಿದರೆ ನಾವು ಅದನ್ನು ಹಳೆಯ ಡಿಸ್‌ಲೊಕೇಶನ್ ಅನ್ನುತ್ತೇವೆ. ಅಷ್ಟರಲ್ಲಿ ಒಳಗೆ ಏನೇನೋ ಆಗಿರುತ್ತದೆ. ರಾಟೆಯ ಹಿಂದೆ ಒಂದು ಗುಳಿ ಇದೆ, ಮುಂದೆ ಇನ್ನೊಂದು. ಬಳಸದ ಬಾವಿಗೆ ಹೂಳು ತುಂಬುವ ಹಾಗೆ ಆ ಗುಳಿಗಳಲ್ಲಿ ಗಟ್ಟಿಯಾದ ಬಿಳಿ ನಾರು ತುಂಬುತ್ತದೆ. ಕೊಕ್ಕೆಯ ಒಳಗೂ ಅದೇ. ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯು ಮೊಣಕೈ ತುದಿಗೆ ಅಂಟಿಕೊಂಡಿರುತ್ತದೆ ಅಲ್ವಾ, ಆ ತುದಿಯೇ ಮೇಲಕ್ಕೆ ಸರಿದಿದೆ. ಹಾಗಾಗಿ ಸ್ನಾಯು ಸಡಿಲವಾಗಿ, ಕೊನೆಗೆ ಗಿಡ್ಡವಾಗಿಯೇ ಉಳಿಯುತ್ತದೆ. ನಿಮ್ಮ ಯಜಮಾನರ ಕೈ ಹೆಚ್ಚುಕಮ್ಮಿ ನೆಟ್ಟಗೇ ನಿಂತಿರುವುದಕ್ಕೆ, ಮಡಚಲು ಹೋದರೆ ಹಿಂದಿನಿಂದ ಯಾರೋ ಹಗ್ಗ ಜಗ್ಗಿ ಹಿಡಿದ ಹಾಗೆ ಆಗುವುದಕ್ಕೆ ಇದೇ ಕಾರಣ. ಮೂಳೆಗೆ ಮೂಳೆ ಹಿಡಿದಿಡುವ ಪಕ್ಕದ ನಾರಿನ ಪಟ್ಟಿಗಳು, ಅಂದರೆ ಲಿಗಮೆಂಟ್‌ಗಳು, ಕುಗ್ಗಿ, ಸಿಕ್ಕಿದ ಕಡೆ ಅಂಟಿಕೊಂಡಿರುತ್ತವೆ. ಕಿರುಬೆರಳಿಗೆ ಹೋಗುವ ಅಲ್ನಾರ್ ನರ ಮೊಣಕೈಯ ಒಳಬದಿಯಲ್ಲೇ ಹಾಯುತ್ತದೆ. ಮೊಣಕೈ ಬಾಗಿಲಿಗೆ ಬಡಿದಾಗ 'ಜುಂ' ಅನ್ನುತ್ತದಲ್ಲ, ಅದೇ ನರ. ಅದೂ ಈ ಅಂಟಿನೊಳಗೆ ಸಿಕ್ಕಿಕೊಂಡಿದೆ. ಜೋಮು ಅದರಿಂದಲೇ.

ಎಣ್ಣೆ ಹಾಕಿ ತಿಕ್ಕಿದ್ದರ ಬಗ್ಗೆ ಒಂದು ಮಾತು. ಬೈಯಲು ಹೇಳುತ್ತಿಲ್ಲ, ಮುಂದೆ ಮಾಡಬಾರದು ಅಂತ ಹೇಳುತ್ತಿದ್ದೇನೆ. ಮೈಯ ಬೇರೆ ಕೀಲುಗಳಿಗಿಂತ ಮೊಣಕೈಗೆ ಒಂದು ಕೆಟ್ಟ ಗುಣ ಜಾಸ್ತಿ. ಪೆಟ್ಟು ಬಿದ್ದ ಮೇಲೆ ತಿಕ್ಕಿದರೆ, ಬಲವಂತವಾಗಿ ಬಗ್ಗಿಸಿದರೆ, ಸುತ್ತಲಿನ ಸ್ನಾಯುವಿನೊಳಗೆ ಸುಣ್ಣ ಕೂತು ಮೂಳೆಯೇ ಬೆಳೆಯುತ್ತದೆ. ನಿಮ್ಮ ಎಕ್ಸ್‌ರೇಯಲ್ಲಿ ಮುಂಭಾಗದಲ್ಲಿ ಮೋಡದ ಹಾಗೆ ಕಾಣುವ ಬಿಳಿ ಮಚ್ಚೆ ಅದೇ. ದೊಡ್ಡದೇನಲ್ಲ. ಆದರೆ ತಿಕ್ಕುವುದು ಇವತ್ತಿಗೆ ನಿಲ್ಲಲಿ. ಕೊಡದಲ್ಲಿ ಮರಳು ತುಂಬಿ ಕೈಗೆ ನೇತು ಹಾಕುವ ಉಪಾಯ ಯಾರಾದರೂ ಹೇಳಿದ್ದರೆ ಅದೂ ಬೇಡ.

ತಪ್ಪೆಲ್ಲ ಕಟ್ಟು ಹಾಕುವವರದೇ ಅಂತ ನಾನು ಹೇಳುವುದಿಲ್ಲ. ಆಸ್ಪತ್ರೆಯಲ್ಲೇ ಸಿಮೆಂಟ್ ಪಟ್ಟಿ ಹಾಕಿಸಿಕೊಂಡವರಲ್ಲೂ ಇಂಥ ಕೈಗಳನ್ನು ನೋಡಿದ್ದೇನೆ. ಕೂರಿಸಿದ ಕೀಲು ಊತ ಇಳಿದಾಗ ಪಟ್ಟಿಯ ಒಳಗೇ ಮತ್ತೆ ಜಾರಿರುತ್ತದೆ. ವಾರದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆದಿದ್ದರೆ ಸಿಕ್ಕಿಬೀಳುತ್ತಿತ್ತು.

ಇದನ್ನು ಓದುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಸರಿ ಇರುವ ಮೊಣಕೈಯನ್ನು ಅರ್ಧ ಮಡಚಿ ಹಿಂದಿನಿಂದ ಮುಟ್ಟಿ ನೋಡಿ. ಎರಡು ಪಕ್ಕದಲ್ಲಿ ಎರಡು ಗಂಟು ಸಿಗುತ್ತವೆ, ಕೆಳಗೆ ಮೊಣಕೈಯ ಚೂಪು ತುದಿ. ಮೂರೂ ಸೇರಿ ತ್ರಿಕೋನ. ಕೈ ನೆಟ್ಟಗೆ ಮಾಡಿದರೆ ಮೂರೂ ಒಂದೇ ಗೆರೆಗೆ ಬರುತ್ತವೆ. ಕೀಲು ತಪ್ಪಿದ ಕೈಯಲ್ಲಿ ಚೂಪು ತುದಿ ಹಿಂದಕ್ಕೆ ಎದ್ದು ನಿಂತು ಈ ಲೆಕ್ಕ ಕೆಡುತ್ತದೆ. ಎರಡೂ ಕೈ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಯಾರಿಗೂ ಗೊತ್ತಾಗುತ್ತದೆ. ಬಿದ್ದ ದಿನದ ಊತದಲ್ಲಿ ಮಾತ್ರ ಇದನ್ನು ನಂಬಿ ಕೂರಬೇಡಿ. ಅವತ್ತು ಎಕ್ಸ್‌ರೇಯೇ ಬೇಕು.

ಈಗ ಇಬ್ಬರು ಡಾಕ್ಟರ ಜಗಳಕ್ಕೆ ಬರೋಣ. ನಾನು ಓದುವಾಗ, 3 ತಿಂಗಳು ದಾಟಿದ ಮೊಣಕೈಯನ್ನು ತೆರೆದು ಕೂರಿಸಲು ಹೋಗಬಾರದು ಅಂತಲೇ ಹೇಳಿಕೊಡುತ್ತಿದ್ದರು. ಮೂಳೆ ತುದಿಯ ಮೇಲೆ ಕಾರ್ಟಿಲೇಜ್ ಅಂತ ನುಣುಪಾದ ಪದರ ಇರುತ್ತದೆ. ಎದುರಿನ ಮೂಳೆಯ ಜೊತೆ ಉಜ್ಜಾಡದೆ ಇದ್ದರೆ ಅದು ಸೊರಗುತ್ತದೆ. ಕೂರಿಸಿದರೂ ಮುಂದೆ ಸವೆಯುತ್ತದೆ, ನೋವು ಬರುತ್ತದೆ ಅನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಆಮೇಲೆ ನಮ್ಮ ದೇಶದಲ್ಲೂ ಬೇರೆ ಕಡೆಯೂ 6 ತಿಂಗಳು, ವರ್ಷ ದಾಟಿದ ಕೈಗಳನ್ನು ತೆರೆದು ಕೂರಿಸಿ, ಕೆಲಸಕ್ಕೆ ಬರುವ ಹಾಗೆ ಮಾಡಿದ್ದಾರೆ. ಈಗ ನಾವು ಕ್ಯಾಲೆಂಡರ್ ಒಂದನ್ನೇ ನೋಡುವುದಿಲ್ಲ. ವಯಸ್ಸು ಎಷ್ಟು, ಕಾರ್ಟಿಲೇಜ್ ಹೇಗಿದೆ, ಆ ಕೈಯಿಂದ ಈಗ ಏನೇನು ಆಗುತ್ತಿದೆ ಅಂತ ನೋಡುತ್ತೇವೆ.

ಕೊನೆಯದೇ ನನಗೆ ಮುಖ್ಯ. ಕೈ ಪೂರ್ತಿ ನೆಟ್ಟಗಿದ್ದರೆ 0 ಡಿಗ್ರಿ, ಪೂರ್ತಿ ಮಡಚಿದರೆ 140ರ ಆಸುಪಾಸು. ಅಮೆರಿಕದ ಮೇಯೊ ಕ್ಲಿನಿಕ್‌ನ ಮಾರಿ ಮತ್ತು ಅವರ ಜೊತೆಯವರು 1981ರಲ್ಲಿ ಅಳೆದು ಹೇಳಿದ ಲೆಕ್ಕ ಇವತ್ತಿಗೂ ನಡೆಯುತ್ತಿದೆ: ದಿನದ ಬಹುಪಾಲು ಕೆಲಸಕ್ಕೆ 30ರಿಂದ 130 ಡಿಗ್ರಿ ಸಾಕು. ಆಗ ಮೊಬೈಲ್ ಇರಲಿಲ್ಲ. ಅದನ್ನು ಕಿವಿಗೆ ಹಿಡಿಯಲು ಇನ್ನೂ ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ. ನಮ್ಮಲ್ಲಿ ಯಾವ ಕೈ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬಲಗೈ ಆದರೆ ಊಟದ ಚಿಂತೆ, ಎಡಗೈ ಆದರೆ ತೊಳೆದುಕೊಳ್ಳುವ ಚಿಂತೆ. ನಾಚಿಕೆಯಿಂದ ಯಾರೂ ಬಾಯಿಬಿಡುವುದಿಲ್ಲ, ನಾನೇ ಕೇಳುತ್ತೇನೆ. ನಿಮ್ಮ ಯಜಮಾನರ ಬಲ ಮೊಣಕೈ ವಿಡಿಯೋದಲ್ಲಿ ಸುಮಾರು 10ರಿಂದ 40 ಡಿಗ್ರಿವರೆಗೆ ಆಡುತ್ತಿದೆ. ಅದರಿಂದ ಮುಖ ತೊಳೆಯಲು ಆಗುವುದಿಲ್ಲ, ಅಂಗಿಯ ಮೇಲಿನ ಗುಂಡಿ ಹಾಕಲು ಆಗುವುದಿಲ್ಲ, ಮೆಟ್ಟುಗತ್ತಿಯ ಮುಂದೆ ಕೂತು ಒಂದು ಅಡಿಕೆ ಸುಲಿಯಲೂ ಆಗುವುದಿಲ್ಲ.

ಬೇರೆ ಥರದ ಕೈಗಳೂ ಇವೆ. ಅಡುಗೆ ಕೆಲಸದವರೊಬ್ಬರು ನನ್ನ ಹತ್ತಿರ ಬಂದಾಗ ಕೀಲು ತಪ್ಪಿ ಎರಡು ವರ್ಷದ ಮೇಲಾಗಿತ್ತು. ಮೊಣಕೈ ನೋಡಲು ವಿಕಾರವಾಗಿತ್ತು. ಆದರೆ 110 ಡಿಗ್ರಿವರೆಗೆ ಮಡಚುತ್ತಿತ್ತು, ನೋವಿಲ್ಲ, ದೊಡ್ಡ ಕಡಾಯಿಗೆ ಸೌಟು ಹಾಕಿ ತಿರುವುತ್ತಿದ್ದರು. ನಾನು ಮುಟ್ಟಲಿಲ್ಲ. ಎಕ್ಸ್‌ರೇ ಚೆಂದ ಮಾಡಲು ಹೋಗಿ ನಡೆಯುತ್ತಿರುವ ಕೈ ಕೆಡಿಸಿದರೆ ಯಾರಿಗೆ ಲಾಭ? ನಿಮ್ಮ ಎರಡನೇ ಡಾಕ್ಟರು ಹೇಳಿದ ಮಾತು ಇಂಥ ಕೈಗೆ ಒಪ್ಪುತ್ತದೆ. ನಿಮ್ಮ ಯಜಮಾನರ ಕೈಗೆ ಒಪ್ಪುವುದಿಲ್ಲ.

ಅರಿವಳಿಕೆ ಕೊಟ್ಟು, ಕೊಯ್ಯದೆ, ಎಳೆದು ಕೂರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡಿ. ಐದು ತಿಂಗಳ ಕೀಲು ಎಳೆತಕ್ಕೆ ಬರುವುದಿಲ್ಲ. ಮೂಳೆ ಮುರಿಯಬಹುದು, ನರ, ರಕ್ತನಾಳ ಹರಿಯಬಹುದು.

ಮೊದಲು ಒಂದು ಸಿ.ಟಿ. ಸ್ಕ್ಯಾನ್ ಬೇಕು. ಕೊಕ್ಕೆಯ ಮುಂದಿನ ಮೊನೆ, ಮುಂಗೈಯ ಇನ್ನೊಂದು ಮೂಳೆಯಾದ ರೇಡಿಯಸ್‌ನ ತಲೆ ಮುರಿದಿವೆಯಾ ಅಂತ ಅದರಲ್ಲಿ ತಿಳಿಯುತ್ತದೆ. ಮುರಿದಿದ್ದರೆ ಆಪರೇಷನ್ ದೊಡ್ಡದಾಗುತ್ತದೆ. ಜೋಮು ಇರುವುದರಿಂದ ನರದ ಪರೀಕ್ಷೆಯನ್ನೂ ಮಾಡಿಸಿ. ಆಪರೇಷನ್ ಆದ ಮೇಲೆ ಜೋಮು ಉಳಿದರೆ ಅದು ಮೊದಲೇ ಇತ್ತೋ ಆಮೇಲೆ ಬಂತೋ ಅನ್ನುವ ಪ್ರಶ್ನೆ ಏಳುತ್ತದೆ. ಬರಹದಲ್ಲಿ ಇರುವುದು ಒಳ್ಳೆಯದು, ನಿಮಗೂ ಡಾಕ್ಟರಿಗೂ.

ಆಪರೇಷನ್ ಹೇಗಿರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆದರಬೇಡಿ. ಒಂದು ಪಕ್ಕಕ್ಕೆ ಮಲಗಿಸಿ, ತೋಳಿಗೆ ರಕ್ತ ತಡೆಯುವ ಪಟ್ಟಿ ಬಿಗಿದು, ಮೊಣಕೈ ಹಿಂದೆ ಉದ್ದಕ್ಕೆ ಕೊಯ್ಯುತ್ತೇವೆ. ಮೊದಲ ಕೆಲಸ ಕೀಲಿನದಲ್ಲ, ನರದ್ದು. ಅಂಟಿನ ನಡುವೆ ಅದು ಎಲ್ಲಿದೆ ಅಂತ ಹುಡುಕಿ, ಒಂದೊಂದೇ ಎಳೆ ಬಿಡಿಸಿ, ಕೆಳಗೆ ಮೆತ್ತನೆಯ ರಬ್ಬರ್ ಪಟ್ಟಿ ತೂರಿಸಿ ಪಕ್ಕಕ್ಕೆ ಇಟ್ಟುಕೊಳ್ಳುತ್ತೇವೆ. ಇದಕ್ಕೇ ಕೆಲವೊಮ್ಮೆ ಅರ್ಧ ಗಂಟೆ ಹೋಗುತ್ತದೆ. ಇಲ್ಲಿ ಅವಸರ ಮಾಡಿದವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ.

ಆಮೇಲೆ ಟ್ರೈಸೆಪ್ಸ್. ಅಮೆರಿಕದ ಮೆಂಫಿಸ್‌ನ ಸ್ಪೀಡ್ ಅನ್ನುವ ಸರ್ಜನ್ 1925ರಲ್ಲಿ ತೋರಿಸಿದ ದಾರಿಯನ್ನು ನಾವು ಇನ್ನೂ ಬಳಸುತ್ತೇವೆ. ಸ್ನಾಯುವಿನ ಬಿಳಿಯ ನಾರಿನ ಭಾಗವನ್ನು ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ಕತ್ತರಿಸಿ, ಕೊನೆಗೆ ಹೊಲಿಯುವಾಗ 'ವೈ' ಆಕಾರದಲ್ಲಿ ಹೊಲಿದರೆ ಆ ಬಾಲದಷ್ಟು ಉದ್ದ ಸಿಗುತ್ತದೆ. ಲಾಭ ಗೊತ್ತಾಯಿತಲ್ಲ, ಕೈ ಮಡಚುತ್ತದೆ. ನಷ್ಟವೂ ಇದೆ. ಉದ್ದ ಮಾಡಿದ ಸ್ನಾಯುವಿಗೆ ಬಲ ಕಮ್ಮಿ. ಎಲ್ಲ ಹಳೆಯ ಕೈಗೂ ಹೀಗೆ ಉದ್ದ ಮಾಡಲೇಬೇಕಾ ಅಂತ ಥಾಯ್ಲೆಂಡ್‌ನ ಸರ್ಜನ್‌ಗಳು 1993ರಲ್ಲಿ ಕೇಳಿದರು. ಅಂಟು ಚೆನ್ನಾಗಿ ಬಿಡಿಸಿದರೆ ಬೇಕಾಗಿಲ್ಲ ಅನ್ನುವುದು ಅವರ ಅನುಭವ. ನಾನೂ ಈಗ ಮೊದಲು ಸ್ನಾಯುವಿನ ಎರಡೂ ಪಕ್ಕದಿಂದ ಒಳಗೆ ಹೋಗಿ ಬಿಡಿಸಿ ನೋಡುತ್ತೇನೆ. ಕೀಲು ಕೂತ ಮೇಲೂ ಕೈ 90 ಡಿಗ್ರಿ ದಾಟದಿದ್ದರೆ ಆಗ ಉದ್ದ ಮಾಡುವ ಮಾತು.

ನಡುವಿನ ಕೆಲಸ ಹೂಳೆತ್ತುವುದು. ಹಿಂದಿನ ಗುಳಿ, ಮುಂದಿನ ಗುಳಿ, ಕೊಕ್ಕೆಯ ಒಳಗು. ಚಾಕುವಿನಿಂದ ಸ್ವಲ್ಪ, ಚಿಕ್ಕ ಉಳಿಯಿಂದ ಸ್ವಲ್ಪ. ಹೂಳು ತೆಗೆದಾಗ ಕೆಳಗೆ ಕಾರ್ಟಿಲೇಜ್ ನೀಲಿ ಮಿಶ್ರಿತ ಬಿಳಿ ಬಣ್ಣದಲ್ಲಿ ಹೊಳೆದರೆ ಮನಸ್ಸಿಗೆ ಸಮಾಧಾನ. ಹಳದಿಯಾಗಿ, ಉಗುರಿಗೆ ಏಳುವ ಹಾಗಿದ್ದರೆ ಮುಂದಿನ ಕಷ್ಟ ಅಲ್ಲೇ ಕಾಣುತ್ತದೆ. ಎಲ್ಲ ಬಿಡಿಸಿದ ಮೇಲೆ ಕೀಲು ಮೆಲ್ಲಗೆ ತಾನಾಗಿಯೇ ಕೂರಬೇಕು. ನನ್ನ ಶುರುವಿನ ದಿನಗಳಲ್ಲಿ ಒಂದು ಕೈಗೆ ಉಳಿಯನ್ನು ಸನ್ನೆಗೋಲಿನ ಹಾಗೆ ಇಟ್ಟು ಮೀಟಿದೆ. ಕೀಲು ಕೂತಿತು, ಜೊತೆಗೆ ಕಾರ್ಟಿಲೇಜ್‌ನ ಒಂದು ಚೂರೂ ಎದ್ದು ಬಂತು. ಆಮೇಲೆ ಮೀಟುವುದನ್ನು ಬಿಟ್ಟೆ. ಕೂರದಿದ್ದರೆ ಇನ್ನೂ ಎಲ್ಲೋ ಅಂಟು ಉಳಿದಿದೆ ಅಂತಲೇ ಅರ್ಥ.

ಕೂತ ಮೇಲೆ ಮಡಚಿ, ಚಾಚಿ ನೋಡುತ್ತೇವೆ. ಎಲ್ಲ ಕೋನದಲ್ಲೂ ನಿಂತರೆ ಬಿಡಿಸಿದ ಲಿಗಮೆಂಟ್‌ಗಳನ್ನು ಮತ್ತೆ ಮೂಳೆಗೆ ಹೊಲಿದು ಮುಗಿಸುತ್ತೇವೆ. ಜಾರುವ ಹಾಗಿದ್ದರೆ ಕೈಯನ್ನು 90 ಡಿಗ್ರಿಯಲ್ಲಿಟ್ಟು ಕೀಲಿಗೆ ಅಡ್ಡಲಾಗಿ ಒಂದೆರಡು ತಂತಿ ಹಾಕಿ 2–3 ವಾರ ಬಿಡುತ್ತೇವೆ. ಕೆಲವು ಕಡೆ ಕೈಯ ಹೊರಗೆ ಬಾಗಿಲ ತಿರುಗಣಿಯಂಥ ಫ್ರೇಮ್ ಹಾಕುತ್ತಾರೆ. ಅದಿದ್ದರೆ ಕೀಲು ಜಾರದೆ, ಬೇಗನೆ ಕೈ ಆಡಿಸಲೂ ಬರುತ್ತದೆ. ಒಳ್ಳೆಯದೇ, ಆದರೆ ಖರ್ಚು ಜಾಸ್ತಿ. ನರ ಬಿಗಿಯಾಗಿ ಕಂಡರೆ ಅದರ ಜಾಗ ಬದಲಿಸಿ ಮುಂದಕ್ಕೆ ತರುತ್ತೇವೆ. ಎಲ್ಲ ಸೇರಿ 2–3 ಗಂಟೆ.

ಒಳಗೆ ನೋಡಿದಾಗ ಕಾರ್ಟಿಲೇಜ್ ಪೂರ್ತಿ ಹಾಳಾಗಿದ್ದರೆ? ತೊಡೆಯಿಂದ ತೆಗೆದ ಪೊರೆಯನ್ನು ಎರಡು ಮೂಳೆಯ ನಡುವೆ ಹಾಸಿ ಹೊಲಿಯುವ ಪದ್ಧತಿ ಇದೆ. ಮೂಳೆಯ ತುದಿಯನ್ನೇ ಕತ್ತರಿಸಿ ತೆಗೆದರೆ ಕೈ ಆಡುತ್ತದೆ, ಆದರೆ ಜೋತಾಡುತ್ತದೆ, ಕೆಲಸದ ಬಲ ಇರುವುದಿಲ್ಲ. ಕೃತಕ ಕೀಲು ವಯಸ್ಸಾದವರಿಗೆ ಸರಿ. ಅದನ್ನು ಹಾಕಿಸಿಕೊಂಡವರು ಜೀವನಪೂರ್ತಿ 4–5 ಕಿಲೋಗಿಂತ ಜಾಸ್ತಿ ಎತ್ತಬಾರದು. 41ರ ತೋಟದ ಮನುಷ್ಯನಿಗೆ ನಾನು ಅದನ್ನು ಹಾಕುವುದಿಲ್ಲ. ಈ ಸಾಧ್ಯತೆಗಳನ್ನು ಆಪರೇಷನ್‌ಗೆ ಮೊದಲೇ ನಿಮ್ಮ ಡಾಕ್ಟರ ಜೊತೆ ಮಾತಾಡಿಕೊಳ್ಳಿ. ಟೇಬಲ್ ಮೇಲೆ ಮಲಗಿದ ಮೇಲೆ ಕೇಳಲು ಆಗುವುದಿಲ್ಲ.

ತೊಂದರೆಗಳನ್ನೂ ಮುಚ್ಚಿಡುವುದಿಲ್ಲ. ಗಾಯ ಕೀವಾಗಬಹುದು, ಹಿಂದಿನ ತೆಳು ಚರ್ಮದ ಅಂಚು ಕಪ್ಪಾಗಬಹುದು. ಜೋಮು ಕೆಲವು ತಿಂಗಳು ಜಾಸ್ತಿಯಾಗಬಹುದು. ಕೀಲು ಮತ್ತೆ ಸ್ವಲ್ಪ ಜಾರಬಹುದು. ಹೊಸ ಮೂಳೆ ಬೆಳೆಯದ ಹಾಗೆ ಕೆಲವು ವಾರ ಇಂಡೊಮೆಥಾಸಿನ್ ಮಾತ್ರೆ ಕೊಡುತ್ತೇವೆ. ಹೊಟ್ಟೆ ಉರಿ, ಅಲ್ಸರ್, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಶುಗರ್ ಇದ್ದರೆ ಹತೋಟಿಗೆ ಬರಲಿ, ಬೀಡಿ ಸಿಗರೇಟು ಇದ್ದರೆ ಇವತ್ತೇ ನಿಲ್ಲಲಿ.

ಇಲ್ಲಿಯವರೆಗಿನದು ಸರ್ಜನ್ ಕೆಲಸ. ಮುಂದಿನದು ನಿಮ್ಮ ಯಜಮಾನರದು, ಮತ್ತು ನಿಜ ಹೇಳಬೇಕೆಂದರೆ ನಿಮ್ಮದು. ತಂತಿ ಹಾಕದಿದ್ದರೆ ಕೆಲವೇ ದಿನದಲ್ಲಿ ವ್ಯಾಯಾಮ ಶುರು. ಹಾಕಿದ್ದರೆ ತೆಗೆದ ದಿನದಿಂದ. ಮಲಗಿಕೊಂಡು ತೋಳನ್ನು ನೇರ ಮೇಲಕ್ಕೆತ್ತಿ, ಮೊಣಕೈ ಸಡಿಲ ಬಿಟ್ಟರೆ ಮುಂಗೈಯ ಭಾರಕ್ಕೇ ಕೈ ಹಣೆಯ ಕಡೆ ಮಡಚುತ್ತದೆ. ಎಡಗೈಯಿಂದ ಮಣಿಕಟ್ಟು ಹಿಡಿದು ನೆರವು ಕೊಡಬಹುದು. ದಿನಕ್ಕೆ ಐದಾರು ಸಲ, ಪ್ರತಿ ಸಲ ಹತ್ತು ನಿಮಿಷ. ನೋವು ಬರುತ್ತದೆ, ಬಿಟ್ಟ ಮೇಲೆ ಅರ್ಧ ಗಂಟೆಯಲ್ಲಿ ಇಳಿಯಬೇಕು. ರಾತ್ರಿಯಿಡೀ ಉಳಿದರೆ, ಕೈ ಬಿಸಿಯಾಗಿ ಊದಿದರೆ, ಜಾಸ್ತಿ ಮಾಡಿದ್ದೀರಿ ಅಂತ ಅರ್ಥ. ಬೇರೆಯವರು ಹಿಡಿದು ಬಗ್ಗಿಸುವುದು ಮಾತ್ರ ಬೇಡವೇ ಬೇಡ, ಪ್ರೀತಿಯ ಭಾವನೆಂಟರೇ ಆಗಲಿ. ನಾನು ಕೂರಿಸಿದ ಒಂದು ಕೈಯ ಎಕ್ಸ್‌ರೇ ಈಗಲೂ ವಿದ್ಯಾರ್ಥಿಗಳಿಗೆ ತೋರಿಸುವಷ್ಟು ಚೆನ್ನಾಗಿದೆ. ಆ ಮನುಷ್ಯ ನೋವಿಗೆ ಹೆದರಿ ಎರಡು ತಿಂಗಳು ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿಕೊಂಡೇ ಇದ್ದ. ಈಗ ಅದು 90 ಡಿಗ್ರಿಯಲ್ಲಿ ಮರದ ಹಾಗೆ ನಿಂತಿದೆ.

ಚೆನ್ನಾಗಿ ಮಾಡಿದರೆ ಎಷ್ಟು ಸಿಗಬಹುದು? ಈಗಿನ 30 ಡಿಗ್ರಿ ಆಟ 80–100 ಡಿಗ್ರಿಗೆ ಏರಬಹುದು. ಆರು ತಿಂಗಳಿಂದ ವರ್ಷದವರೆಗೆ ಸ್ವಲ್ಪ ಸ್ವಲ್ಪ ಹೆಚ್ಚುತ್ತಾ ಹೋಗುತ್ತದೆ. ಕೊನೆಯ 20–30 ಡಿಗ್ರಿ ನೆಟ್ಟಗಾಗದೆ ಉಳಿಯುವುದು ಮಾಮೂಲು, ಅದಕ್ಕೆ ಬೇಸರ ಬೇಡ. ತುತ್ತು ಕಲಸಿ ಬಾಯಿಗಿಡಬಹುದು, ಅಡಿಕೆ ಸುಲಿಯಬಹುದು, ಬೈಕ್ ಓಡಿಸಬಹುದು. ದೋಟಿ ಎತ್ತಿ ಅಡಿಕೆ ಕೊನೆ ಇಳಿಸುವುದಕ್ಕೆ ಟ್ರೈಸೆಪ್ಸ್ ಬಲ ಬೇಕು, ಮುಂದಿನ ಸುಗ್ಗಿಗೆ ನೋಡೋಣ. ಮರ ಹತ್ತುವ ಆಸೆ ಬಿಡುವುದು ಒಳ್ಳೆಯದು.

ಖರ್ಚಿನ ವಿಷಯ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಭಾಗ ಅವರು ಕೊಡುತ್ತಾರೆ, ಉಳಿದದ್ದು ನಿಮ್ಮದು. ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಿ, ರೆಫರಲ್ ಬೇಕಾ ಅಂತ ಅಲ್ಲೇ ಕೇಳಿ. ಮೆಡಿಕಲ್ ಕಾಲೇಜಿನಂಥ ದೊಡ್ಡ ಆಸ್ಪತ್ರೆ ಆದರೆ ಒಳ್ಳೆಯದು. 'ಹಳೆಯ ಮೊಣಕೈ ಡಿಸ್‌ಲೊಕೇಶನ್ ನೀವು ಎಷ್ಟು ಮಾಡಿದ್ದೀರಿ, ಫಿಸಿಯೋಥೆರಪಿ ಇಲ್ಲೇ ಇದೆಯಾ' ಅಂತ ಸಂಕೋಚ ಇಲ್ಲದೆ ಕೇಳಿ. ಒಳ್ಳೆಯ ಸರ್ಜನ್‌ಗೆ ಆ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ಇನ್ನು ಸುಗ್ಗಿ. ಸಿ.ಟಿ., ನರದ ಪರೀಕ್ಷೆ, ಕಾರ್ಡಿನ ಕಾಗದ ಪತ್ರ ಅಂತ ಹೇಗೂ ಎರಡು ಮೂರು ವಾರ ಹೋಗುತ್ತದೆ, ಅಷ್ಟರಲ್ಲಿ ಒಂದು ಕೊಯ್ಲು ಮುಗಿಸಿಕೊಳ್ಳಿ. ಫೆಬ್ರವರಿ ಕೊನೆಯವರೆಗೆ ತಳ್ಳಬೇಡಿ. ಈ ಕೈಗೆ ಪ್ರತಿ ತಿಂಗಳೂ ಲೆಕ್ಕ. ಆದರೆ ಅದಕ್ಕಿಂತ ಮೊದಲು, ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಅವರ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಒಂದು ಕಾಗದದ ಚೂರು ಕೊಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿ, ನೀವು ಎಳೆಯಿರಿ. ಎಡಗೈಯಲ್ಲೂ ಹಾಗೇ ಮಾಡಿ ಹೋಲಿಸಿ. ಬಲಗೈಯಲ್ಲಿ ಮಾತ್ರ ಕಾಗದ ಹಿಡಿಯಲು ಹೆಬ್ಬೆರಳಿನ ತುದಿ ಮಡಚಿಕೊಂಡರೆ, ಅಥವಾ ಆ ಎರಡು ಬೆರಳಿನ ನಡುವಿನ ಮಾಂಸ ಕರಗಿ ಗುಳಿ ಬಿದ್ದಂತೆ ಕಂಡರೆ, ನರದ ಬಲ ಇಳಿಯುತ್ತಿದೆ ಅಂತ ಅರ್ಥ. ಆಗ ಅಡಿಕೆಯನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಾದರೂ ಸರಿ, ಈ ವಾರವೇ ಹೊರಡಿ.